ಇಬ್ಬರ ನಡುವೆ ಒಂದು ಪುಸ್ತಕ: ಮನೆಯಲ್ಲೂ ಸಭೆಯಲ್ಲೂ ಕ್ರೈಸ್ತ ಗ್ರಂಥಗಳನ್ನು ಓದುವುದು ಹೇಗೆ?

17ನೆಯ ಶತಮಾನದ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಬಳಿ ಪಾತ್ರೆಗಳ ತೂತು ಮುಚ್ಚಿ ಜೀವನ ಸಾಗಿಸುತ್ತಿದ್ದ ಜಾನ್ ಬನಿಯನ್ ಮದುವೆಯಾದಾಗ, ಗಂಡಹೆಂಡತಿ ಇಬ್ಬರ ಬಳಿ ಸೇರಿಯೂ ಒಂದು ತಟ್ಟೆಯಾಗಲಿ ಚಮಚವಾಗಲಿ ಇರಲಿಲ್ಲ. ಪಾತ್ರೆ ರಿಪೇರಿಯವನ ಮನೆಯಲ್ಲೇ ಪಾತ್ರೆಯಿರಲಿಲ್ಲವೆಂಬ ಈ ಸಂಗತಿಯನ್ನು ಆತನೇ 1666ರಲ್ಲಿ ಪ್ರಕಟವಾದ ತನ್ನ ಆತ್ಮವೃತ್ತಾಂತದಲ್ಲಿ ಬರೆದುಕೊಂಡಿದ್ದಾನೆ. ಹೆಂಡತಿ ತವರಿನಿಂದ ತಂದದ್ದು, ತೀರಿಹೋಗಿದ್ದ ತಂದೆ ಅವಳಿಗೆಂದು ಬಿಟ್ಟುಹೋದ ಎರಡು ಭಕ್ತಿಗ್ರಂಥಗಳನ್ನು. ಅವನ್ನು ಇಬ್ಬರೂ ಆಗಾಗ ಒಟ್ಟಿಗೆ ಓದುತ್ತಿದ್ದರು. ನಡುನಡುವೆ ಹೆಂಡತಿ, ತನ್ನ ತಂದೆ ಎಂಥ ದೈವಭಕ್ತನಾಗಿದ್ದನೆಂದು ಹೇಳುತ್ತಿದ್ದಳು.

ಆ ಓದಿನಿಂದ ಕೂಡಲೇ ಏನಾಯಿತು ಎಂಬ ವಿಷಯದಲ್ಲಿ ಬನಿಯನ್ ಏನನ್ನೂ ಮುಚ್ಚಿಡುವುದಿಲ್ಲ. ಕೆಲವು ಸಂಗತಿಗಳು ಹಿತವೆನಿಸಿದವು, ದೇವಾಲಯಕ್ಕೆ ಹೋಗುವ ಅಭ್ಯಾಸ ಬಂತು, ಆದರೆ ಮನಸ್ಸು ತಿರುಗಲಿಲ್ಲ. ಅದು ಅಲುಗಾಡಿದ್ದು ಮುಂದೊಂದು ದಿನ, ಬೆಡ್‌ಫರ್ಡಿನ ಬೀದಿಯಲ್ಲಿ ಬಾಗಿಲ ಬಳಿ ಬಿಸಿಲಿಗೆ ಕುಳಿತ ಮೂರು ನಾಲ್ಕು ಮಂದಿ ಬಡ ಹೆಂಗಸರು ದೇವರು ತಮ್ಮೊಳಗೆ ನಡೆಸಿದ ಕೆಲಸವನ್ನು ಕುರಿತು ಮಾತನಾಡಿಕೊಳ್ಳುತ್ತಿದ್ದುದು ಕಿವಿಗೆ ಬಿದ್ದಾಗ. ಪುಸ್ತಕ ನೆಲವನ್ನು ಹದ ಮಾಡಿತ್ತು. ಬೀಜ ಬಿದ್ದದ್ದು ಮಾತಿನಿಂದ. ನಂಬಿಕೆ, ದಾಂಪತ್ಯ ಮತ್ತು ಸಭೆಯ (ಚರ್ಚಿನ) ಬದುಕು ಬಲಗೊಳ್ಳಬೇಕೆಂದು ಕ್ರೈಸ್ತ ಪುಸ್ತಕಗಳನ್ನು ಕೈಗೆತ್ತಿಕೊಳ್ಳುವವರು ಈ ಕ್ರಮವನ್ನೇ ಅನುಸರಿಸಬಹುದು: ಒಂದೇ ಪುಸ್ತಕ, ಗಟ್ಟಿಯಾದ ಓದು, ಆಮೇಲೆ ಮಾತು.

ಮೊದಲು ಪುಸ್ತಕ

ಪುಸ್ತಕದಂಗಡಿಗೆ ಹೋಗಿ ಐದಾರು ಪುಸ್ತಕಗಳನ್ನು ಒಮ್ಮೆಗೇ ಕೊಂಡು ತಂದರೆ ಅವು ಕಪಾಟು ಸೇರುತ್ತವೆ, ಅಷ್ಟೆ. ಒಂದನ್ನೇ ತನ್ನಿ. ಕೊಳ್ಳುವ ಮುನ್ನ ಮುನ್ನುಡಿಯನ್ನೂ ನಡುವಿನ ಎರಡು ಪುಟಗಳನ್ನೂ ಅಲ್ಲೇ ನಿಂತು ಓದಿ, ಲೇಖಕರು ಯಾವ ಸಭೆಯ ಹಿನ್ನೆಲೆಯವರೆಂದು ನೋಡಿ, ಸಂದೇಹವಿದ್ದರೆ ನಿಮ್ಮ ಸಭಾಪಾಲಕರನ್ನು ಅಥವಾ ಧರ್ಮಗುರುಗಳನ್ನು ಕೇಳಿ. ಕಥೋಲಿಕ ಪುಸ್ತಕಗಳಲ್ಲಿ ಧರ್ಮಾಧ್ಯಕ್ಷರ ಮುದ್ರಣಾನುಮತಿ ಇದ್ದರೆ ಸಾಮಾನ್ಯವಾಗಿ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ.

ಹೊಸದೋ ಹಳೆಯದೋ ಎಂಬ ಪ್ರಶ್ನೆಗೆ ಕ್ರೈಸ್ತ ಲೇಖಕ ಸಿ.ಎಸ್. ಲೂಯಿಸ್ 1944ರಲ್ಲಿ ಒಂದು ಪ್ರಾಚೀನ ಗ್ರಂಥದ ಅನುವಾದಕ್ಕೆ ಬರೆದ ಪೀಠಿಕೆಯಲ್ಲಿ ಸರಳವಾದ ನಿಯಮವೊಂದನ್ನು ಕೊಟ್ಟಿದ್ದಾರೆ: ಒಂದು ಹೊಸ ಪುಸ್ತಕವನ್ನು ಓದಿದ ಮೇಲೆ, ನಡುವೆ ಒಂದು ಹಳೆಯದನ್ನು ಓದದೆ ಮತ್ತೊಂದು ಹೊಸದನ್ನು ಮುಟ್ಟಬಾರದು, ಅದು ಕಷ್ಟವಾದರೆ ಮೂರು ಹೊಸದಕ್ಕೆ ಒಂದು ಹಳೆಯದಾದರೂ ಇರಬೇಕು. ಪ್ರತಿಯೊಂದು ಕಾಲಕ್ಕೂ ತನ್ನದೇ ಆದ ಕುರುಡಿರುತ್ತದೆ. ಹಳಬರ ತಪ್ಪುಗಳು ನಮ್ಮ ಕಣ್ಣಿಗೆ ಬೇಗ ಬೀಳುತ್ತವೆ, ನಮ್ಮ ಕಾಲದ ತಪ್ಪುಗಳು ಹಾಗೆ ಬೀಳುವುದಿಲ್ಲ ಎಂಬುದು ಅವರು ಕೊಡುವ ಕಾರಣ. ಬನಿಯನ್‌ನ ಅನುಭವವೂ ಇದೇ. ಬೈಬಲಿನಲ್ಲಿರುವ, ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದಿದ್ದ ವ್ಯಾಖ್ಯಾನದ ಪ್ರತಿಯೊಂದು ಆತನ ಕೈಗೆ ಸಿಕ್ಕಿತು. ಪುಟ ತಿರುವಿದರೆ ಕಳಚಿ ಬೀಳುವಂತಿದ್ದ ಆ ಹಳೆಯ ಪುಸ್ತಕದಲ್ಲಿ ತನ್ನ ಮನಸ್ಸಿನ ಗಾಯವನ್ನೇ ಯಾರೋ ಬರೆದಿಟ್ಟಂತೆ ಆತನಿಗೆ ಕಂಡಿತು.

ಇದೇ ಬನಿಯನ್, ಅನುಮತಿಯಿಲ್ಲದೆ ಬೋಧಿಸಿದ್ದಕ್ಕಾಗಿ 1660ರಿಂದ ಹನ್ನೆರಡು ವರ್ಷ ಸೆರೆಯಲ್ಲಿದ್ದು, ಬಳಿಕ 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆಯನ್ನು (ಇಂಗ್ಲಿಷಿನಲ್ಲಿ ‘ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’) ಮೊದಲ ಪುಸ್ತಕವಾಗಿ ನಾನು ಸೂಚಿಸುತ್ತೇನೆ. ಅದು 19ನೆಯ ಶತಮಾನದ ಮಧ್ಯಭಾಗದಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರ ಶ್ರಮದಿಂದ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತ್ತು. ನಂಬಿಕೆಗೆ ಒಂದು, ದಾಂಪತ್ಯಕ್ಕೆ ಒಂದು, ಸಭೆಗೆ ಒಂದು ಎಂದು ಬೇರೆ ಬೇರೆ ಪುಸ್ತಕಗಳನ್ನು ಹುಡುಕುವವರಿಗೆ ಇದೊಂದರಲ್ಲೇ ಮೂರೂ ಸಿಗುತ್ತವೆ. ಮೊದಲ ಭಾಗದಲ್ಲಿ ಕ್ರಿಶ್ಚಿಯನ್ ಎಂಬ ಯಾತ್ರಿಕ ಬೆನ್ನ ಮೇಲೆ ಹೊರೆ ಹೊತ್ತು, ಹೆಂಡತಿ ಮಕ್ಕಳನ್ನು ಬಿಟ್ಟು ಹೊರಡುತ್ತಾನೆ. 1684ರಲ್ಲಿ ಬಂದ ಎರಡನೆಯ ಭಾಗದಲ್ಲಿ ಅವನ ಹೆಂಡತಿ ಕ್ರಿಶ್ಚಿಯಾನಾ ನಾಲ್ವರು ಗಂಡುಮಕ್ಕಳನ್ನೂ ನೆರೆಮನೆಯ ಹುಡುಗಿಯನ್ನೂ ಕರೆದುಕೊಂಡು ಅದೇ ದಾರಿ ಹಿಡಿಯುತ್ತಾಳೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಸೇರಿಸಿಕೊಳ್ಳುತ್ತ ಆ ಸಣ್ಣ ಸಂಸಾರ ಒಂದು ಸಭೆಯಾಗಿ ಬೆಳೆಯುತ್ತದೆ.

ಭಾಷೆಯ ತೊಡಕನ್ನು ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತುಳು ಅಥವಾ ಕೊಂಕಣಿ, ಆರಾಧನೆಯ ಭಾಷೆ ಇನ್ನೊಂದು, ಮಕ್ಕಳ ಓದು ಇಂಗ್ಲಿಷು. ಇಬ್ಬರಲ್ಲಿ ಒಬ್ಬರಿಗೆ ಇಂಗ್ಲಿಷ್ ಸಲೀಸಾಗಿ, ಇನ್ನೊಬ್ಬರಿಗೆ ಹಾಗಿಲ್ಲದಿದ್ದರೆ ಕನ್ನಡದ ಪ್ರತಿಯನ್ನೇ ಓದಬೇಕು. ಕನ್ನಡ ಪ್ರತಿ ಸಿಗದಿದ್ದರೆ ಇಂಗ್ಲಿಷ್ ಬಲ್ಲವರು ಒಂದು ಪರಿಚ್ಛೇದ ಓದಿ ಅದನ್ನು ಮನೆಮಾತಿನಲ್ಲಿ ಹೇಳಬೇಕು. ಹಾಗೆ ಹೇಳಲು ಹೊರಟಾಗಲೇ ತನಗೆ ಎಷ್ಟು ಅರ್ಥವಾಗಿದೆ ಎಂಬುದು ಓದಿದವರಿಗೂ ಗೊತ್ತಾಗುತ್ತದೆ.

ಹೊತ್ತು ಮತ್ತು ಓದುವ ಬಗೆ

ರಾತ್ರಿಯ ಕುಟುಂಬ ಪ್ರಾರ್ಥನೆ ಮುಗಿದ ಮೇಲಿನ ಅರ್ಧ ಗಂಟೆ ಸಾಕು, ವಾರಕ್ಕೆ ಮೂರು ದಿನ ಸಾಕು. ಹತ್ತು ಪುಟಗಳನ್ನು ಅವಸರವಿಲ್ಲದೆ ಗಟ್ಟಿಯಾಗಿ ಓದಲು ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಒಬ್ಬರು ಓದಲಿ, ಒಬ್ಬರು ಕೇಳಲಿ, ಮರುದಿನ ಅದಲುಬದಲಾಗಲಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ.

ಬನಿಯನ್‌ನ ಮೂಲ ಕೃತಿಯಲ್ಲಿ ಅಧ್ಯಾಯಗಳೇ ಇಲ್ಲದ ಕಾರಣ ಎಲ್ಲಿ ನಿಲ್ಲಿಸಬೇಕೆಂಬುದನ್ನು ನೀವೇ ಗೊತ್ತುಮಾಡಿಕೊಳ್ಳಬೇಕು. ನಿರಾಶೆಯ ಕೆಸರು, ಶಿಲುಬೆಯ ಬಳಿ ಹೊರೆ ಕಳಚಿ ಬೀಳುವ ಜಾಗ, ದೀನತೆಯ ಕಣಿವೆ, ವ್ಯರ್ಥತೆಯ ಸಂತೆ, ಸಂದೇಹದ ಕೋಟೆ, ಕೊನೆಯ ನದಿ ಇವು ಸಹಜವಾದ ನಿಲ್ದಾಣಗಳು. ಸಂದೇಹದ ಕೋಟೆಗೆ ಎರಡು ರಾತ್ರಿ ಕೊಡಿ. ಹತಾಶೆ ಎಂಬ ದೈತ್ಯ ಯಾತ್ರಿಕರಿಬ್ಬರನ್ನು ಅಲ್ಲಿ ಸೆರೆಯಲ್ಲಿಟ್ಟು ಬಡಿಯುತ್ತಾನೆ. ದಿನಗಟ್ಟಲೆ ನರಳಿದ ಮೇಲೆ ಕ್ರಿಶ್ಚಿಯನ್‌ಗೆ, ವಾಗ್ದಾನವೆಂಬ ಬೀಗದ ಕೈ ಮೊದಲಿನಿಂದಲೂ ತನ್ನ ಎದೆಯಲ್ಲೇ ಇತ್ತೆಂಬುದು ನೆನಪಾಗುತ್ತದೆ. ಅಂದಹಾಗೆ, ಆ ದೈತ್ಯನೂ ಸೆರೆಯಾಳುಗಳನ್ನು ಏನು ಮಾಡುವುದೆಂದು ಪ್ರತಿ ರಾತ್ರಿ ಹಾಸಿಗೆಯಲ್ಲಿ ಹೆಂಡತಿಯ ಸಲಹೆ ಕೇಳುತ್ತಾನೆ. ದುಷ್ಟ ಸಂಸಾರವೂ ಒಟ್ಟಾಗಿ ಮಾತನಾಡಿಯೇ ಮುಂದುವರಿಯುತ್ತದೆ ಎಂಬುದನ್ನು ಬನಿಯನ್ ಬೇಕೆಂದೇ ಬರೆದನೋ ತಮಾಷೆಗೆ ಬರೆದನೋ, ಗಂಡಹೆಂಡತಿ ಓದುವಾಗ ಅಲ್ಲಿ ನಗು ಬರುವುದಂತೂ ನಿಜ.

ಓದಿದ ಮೇಲಿನ ಮಾತು

ಇದೇ ಕಷ್ಟದ ಭಾಗ. ಪುಸ್ತಕವನ್ನು ಮುಚ್ಚಿದ ಮೇಲೆ ಇಬ್ಬರೂ ಒಂದೊಂದು ಮಾತು ಹೇಳಬೇಕು, ಆ ಮಾತು ತನ್ನ ಬಗ್ಗೆಯೇ ಇರಬೇಕು: ಈ ಪುಟಗಳಲ್ಲಿ ನಾನು ಎಲ್ಲಿದ್ದೇನೆ? ‘ಇದು ನಿನಗೆ ಸರಿಯಾಗಿ ಹೊಂದುತ್ತದೆ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಕ್ಷಣ ಓದು ನಿಂತು ವಾದ ಶುರುವಾಗುತ್ತದೆ. ದಾಂಪತ್ಯವನ್ನು ಕುರಿತೇ ಬರೆದ ಪುಸ್ತಕಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಂಥ ಪುಸ್ತಕದಲ್ಲಿ ಸಂಗಾತಿ ಓದಲೆಂದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಡುವುದಕ್ಕಿಂತ ಪುಸ್ತಕವನ್ನು ಕೊಳ್ಳದಿರುವುದೇ ಮೇಲು. ನಾನೂ ಹಾಗೆ ಗೆರೆ ಎಳೆದವನೇ. ಆ ಪುಸ್ತಕ ನಮ್ಮ ಮನೆಯಲ್ಲಿ ಮೂರನೆಯ ಅಧ್ಯಾಯವನ್ನು ದಾಟಲಿಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವನ್ನು ಆಧಾರವಾಗಿ ಇಟ್ಟುಕೊಳ್ಳದ ಕ್ರೈಸ್ತ ದಾಂಪತ್ಯ ಪುಸ್ತಕ ಸಿಗುವುದು ಅಪರೂಪ. ಅದನ್ನು ಓದುವಾಗ ಗಂಡಂದಿರಿಗೆ ಬರೆದ ವಾಕ್ಯಗಳನ್ನು ಗಂಡನೂ ಹೆಂಡತಿಯರಿಗೆ ಬರೆದದ್ದನ್ನು ಹೆಂಡತಿಯೂ ಗಟ್ಟಿಯಾಗಿ ಓದಲಿ, ಅದಕ್ಕೂ ಮುಂಚೆ ಒಬ್ಬರಿಗೊಬ್ಬರು ವಿನಯದಿಂದ ನಡೆದುಕೊಳ್ಳಬೇಕೆನ್ನುವ 21ನೆಯ ವಚನವನ್ನು ಇಬ್ಬರೂ ಓದಲಿ. ಗಂಡಂದಿರ ಪಾಲಿಗೆ ಬಂದಿರುವ ಸಾಲುಗಳೇ ಹೆಚ್ಚೆಂಬುದು ಆಗ ತಾನಾಗಿ ತಿಳಿಯುತ್ತದೆ. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹೋಫರ್ 1943ರ ಮೇ ತಿಂಗಳಲ್ಲಿ ಹಿಟ್ಲರನ ಸೆರೆಯಲ್ಲಿದ್ದುಕೊಂಡು, ತನ್ನ ಅಕ್ಕನ ಮಗಳ ಮದುವೆಗೆ ಉಪದೇಶವೊಂದನ್ನು ಬರೆದಿದ್ದರು. ಇನ್ನು ಮುಂದೆ ನಿಮ್ಮ ಪ್ರೀತಿ ಮದುವೆಯನ್ನು ಉಳಿಸುವುದಿಲ್ಲ, ಮದುವೆಯೇ ನಿಮ್ಮ ಪ್ರೀತಿಯನ್ನು ಉಳಿಸುತ್ತದೆ ಎಂಬುದು ಅದರ ತಿರುಳು. ಮದುವೆಯಾಗಿ ಇಪ್ಪತ್ತು ವರ್ಷವಾದವರು ಇದನ್ನು ಒಪ್ಪುತ್ತಾರೋ ಇಲ್ಲವೋ ಎಂಬುದೇ ಒಂದು ಸಂಜೆಯ ಮಾತಿಗೆ ಸಾಕಾಗುವ ವಿಷಯ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಹೊಡೆತ, ಬೆದರಿಕೆಗಳಿರುವ ಮನೆಗೆ ಪುಸ್ತಕ ಮದ್ದಲ್ಲ. ಅಂಥಲ್ಲಿ ‘ಇನ್ನಷ್ಟು ಸಹಿಸು’ ಎಂದು ಓದಿ ಹೇಳುವುದು ಅನ್ಯಾಯ. ನಂಬಿಕೆಗೆ ಪಾತ್ರರಾದವರ ನೆರವು ಬೇಕು, ಮಹಿಳಾ ಸಹಾಯವಾಣಿ 181 ಇದೆ, ಕೌಟುಂಬಿಕ ಹಿಂಸೆಯಿಂದ ರಕ್ಷಣೆ ನೀಡುವ 2005ರ ಕಾಯ್ದೆಯೂ ಇದೆ.

ಪಕ್ಕದಲ್ಲಿ ಸತ್ಯವೇದ

ಯಾವ ಪುಸ್ತಕವನ್ನು ಓದುವಾಗಲೂ ಸತ್ಯವೇದ, ಅಂದರೆ ಬೈಬಲ್, ಪಕ್ಕದಲ್ಲಿ ತೆರೆದಿರಲಿ. ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ಬೆರೋಯ ಎಂಬ ಊರಿನವರು ದಿನಾಲೂ ಶಾಸ್ತ್ರಗಳನ್ನು ಪರಿಶೋಧಿಸಿದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಪೌಲನಿಗೇ ಆ ಪರೀಕ್ಷೆಯಿದ್ದ ಮೇಲೆ ಇಂದಿನ ಲೇಖಕರಿಗೆ ವಿನಾಯಿತಿ ಏಕೆ? ಲೇಖಕರು ಒಂದು ವಚನವನ್ನು ಕೊಟ್ಟಾಗ ಅದರ ಹಿಂದಿನ ಮುಂದಿನ ನಾಲ್ಕು ವಚನಗಳನ್ನೂ ಓದಿ. ಯೆರೆಮೀಯ 29:11ನ್ನು ನೋಡಿ: ಗತಿಯನ್ನೂ ನಿರೀಕ್ಷೆಯನ್ನೂ ಕೊಡುವ ಆ ವಾಗ್ದಾನ ಕ್ಯಾಲೆಂಡರುಗಳ ಮೇಲೂ ಯಶಸ್ಸಿನ ಪುಸ್ತಕಗಳಲ್ಲೂ ಒಂಟಿಯಾಗಿ ಕಾಣಿಸುತ್ತದೆ. ಆದರೆ ಅದು ಬಾಬೆಲಿಗೆ ಸೆರೆಹೋದ ಜನರಿಗೆ ಬರೆದ ಕಾಗದದ ಸಾಲು, ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕೆಂಬ ಮಾತಿದೆ. ಆ ಎಪ್ಪತ್ತು ವರ್ಷವನ್ನು ಮುಚ್ಚಿಟ್ಟು ವಾಗ್ದಾನವನ್ನಷ್ಟೇ ಕೊಡುವ ಪುಸ್ತಕವನ್ನು ಅರ್ಧಕ್ಕೇ ಬಿಟ್ಟರೆ ನಷ್ಟವೇನಿಲ್ಲ.

ಮನೆಯಿಂದ ಸಭೆಗೆ

ಒಂದು ಪುಸ್ತಕವನ್ನು ಮನೆಯಲ್ಲಿ ಮುಗಿಸಿದವರು ಅದನ್ನೇ ಸಭೆಗೆ ಒಯ್ಯಬಹುದು. ಸಭಾಪಾಲಕರಿಗೆ ಮೊದಲೇ ತಿಳಿಸಿ; ಅವರ ಬೆನ್ನ ಹಿಂದೆ ಗುಂಪು ಕಟ್ಟಿದರೆ ಒಳ್ಳೆಯ ಓದೂ ಪಕ್ಷವಾಗಿಬಿಡುತ್ತದೆ. ಎಂಟು ಹತ್ತು ಜನ, ವಾರಕ್ಕೊಮ್ಮೆ ಒಂದು ಗಂಟೆ, ಆರೇ ವಾರ ಎಂದು ಗಡಿ ಹಾಕಿಕೊಳ್ಳಿ. ಸ್ತ್ರೀಯರ ಕೂಟ, ಯುವಜನರ ಕೂಟಗಳು ಹೇಗೂ ಇರುವುದರಿಂದ ಹೊಸ ಸಂಘ ಬೇಕಿಲ್ಲ. ಬೈಬಲಿನಲ್ಲಿ ಅಪೊಲ್ಲೋಸನಂಥ ವಾಕ್ಚತುರ ಬೋಧಕನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದವರು ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ದಂಪತಿಗಳು ಎಂಬುದನ್ನು ನೆನೆದರೆ, ಓದುಗರ ಗುಂಪನ್ನು ಗಂಡಹೆಂಡತಿ ಸೇರಿ ನಡೆಸುವುದರಲ್ಲಿ ಹೊಸತೇನೂ ಇಲ್ಲ.

ಇಲ್ಲಿಯೂ ಓದು ಗಟ್ಟಿಯಾಗಿಯೇ ನಡೆಯಲಿ, ಓದಲು ಇಷ್ಟವಿದ್ದವರಷ್ಟೇ ಓದಲಿ. ಕಣ್ಣು ಮಂಜಾದ ಹಿರಿಯರೂ ಅಕ್ಷರ ಕಲಿಯದವರೂ ಆಗ ಮುಜುಗರವಿಲ್ಲದೆ ಕುಳಿತುಕೊಳ್ಳುತ್ತಾರೆ, ಎಷ್ಟೋ ಬಾರಿ ಅತ್ಯುತ್ತಮ ಮಾತು ಅವರಿಂದಲೇ ಬರುತ್ತದೆ. ಒಬ್ಬರೇ ಮಾತನಾಡುತ್ತ ಹೋದರೆ ನಡೆಸುವವರು ಮತ್ತೊಬ್ಬರ ಹೆಸರು ಹಿಡಿದು ಕೇಳಬೇಕು. ಕೂಟದಲ್ಲಿ ಯಾರಾದರೂ ಮನೆಯ ಕಷ್ಟ ಹೇಳಿಕೊಂಡರೆ ಅದು ಮುಂದಿನ ಭಾನುವಾರ ದೇವಾಲಯದ ಅಂಗಳದಲ್ಲಿ ಚರ್ಚೆಯಾಗಬಾರದು. ಈ ನಿಯಮವನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡಿ.

ಸಭೆಗೆ ಬನಿಯನ್‌ನ ಎರಡನೆಯ ಭಾಗವೇ ಸೂಕ್ತ. ಅದರಲ್ಲಿ ದುರ್ಬಲ ಮನಸ್ಸಿನವನೊಬ್ಬ ‘ನಿಮ್ಮ ವೇಗಕ್ಕೆ ನಾನು ನಡೆಯಲಾರೆ, ನೀವು ಮುಂದೆ ಹೋಗಿ’ ಎಂದು ಹಿಂದುಳಿಯಲು ಹೊರಟಾಗ, ದಾರಿ ತೋರಿಸುವ ಧೀರಹೃದಯ ಎಂಬವನು ನಿನಗಾಗಿ ನಾವೇ ನಿಲ್ಲುತ್ತೇವೆ ಎನ್ನುತ್ತಾನೆ. ಊರುಗೋಲು ಹಿಡಿದ ಕುಂಟನೊಬ್ಬ ಜೊತೆಗೂಡುತ್ತಾನೆ. ಹತಾಶೆಯ ದೈತ್ಯ ಸತ್ತ ದಿನ ಆ ಕುಂಟನು, ಅದೇ ಕೋಟೆಯ ಸೆರೆಯಿಂದ ಬಿಡಿಸಿಕೊಂಡು ಬಂದ ಅಂಜುಬುರುಕ ಹುಡುಗಿಯ ಕೈಹಿಡಿದು, ಒಂದು ಕೈಯಲ್ಲಿ ಊರುಗೋಲು ಇಟ್ಟುಕೊಂಡೇ ಕುಣಿಯುತ್ತಾನೆ. ಈ ಪುಟಗಳನ್ನು ಓದಿದ ಸಂಜೆ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಸಭೆಯಲ್ಲಿ ಈಗ ಯಾರು ಹಿಂದೆ ಉಳಿದಿದ್ದಾರೆ? ಹೆಸರುಗಳು ಬಂದರೆ ಆ ವಾರ ಇಬ್ಬರು ಆ ಮನೆಗಳಿಗೆ ಹೋಗಿ ಬರಲಿ.

ಪುಸ್ತಕಗಳು ಕೈಯಿಂದ ಕೈಗೆ ಹೋಗಲು ದೇವಾಲಯದ ಹಿಂಬದಿಯಲ್ಲಿ ಒಂದು ಸಣ್ಣ ಕಪಾಟು, ಒಯ್ದವರ ಹೆಸರು ಮತ್ತು ತಾರೀಖು ಬರೆಯಲು ಒಂದು ನೋಟ್‌ಬುಕ್ಕು ಸಾಕು. ಗುಂಪಿನಲ್ಲಿ ಓದುವ ಪುಸ್ತಕದ ಮೂರು ನಾಲ್ಕು ಪ್ರತಿಗಳಿದ್ದರೆ ಒಳ್ಳೆಯದು.

ಎರಡನೆಯ ಭಾಗದ ಕೊನೆಯ ಪುಟಗಳನ್ನು ಓದುವ ವಾರದ ಬಗ್ಗೆ ಮಾತ್ರ ಮುಂಚಿತವಾಗಿ ಯೋಚಿಸಿರಬೇಕು. ಅಲ್ಲಿ ಯಾತ್ರಿಕರೆಲ್ಲ ನದಿಯ ದಡದಲ್ಲಿ ತಂಗಿರುತ್ತಾರೆ, ಅರಮನೆಯಿಂದ ಓಲೆ ಬಂದವರು ಒಬ್ಬೊಬ್ಬರಾಗಿ ನೀರಿಗಿಳಿದು ದಾಟುತ್ತಾರೆ. ಮೊದಲ ಓಲೆ ಕ್ರಿಶ್ಚಿಯಾನಾಳಿಗೆ ಬರುತ್ತದೆ. ಅವಳು ಎಲ್ಲರನ್ನೂ ಕರೆದು ಬೀಳ್ಕೊಂಡು ಹೋಗುತ್ತಾಳೆ, ಮಕ್ಕಳು ಈಚೆ ದಡದಲ್ಲೇ ಉಳಿಯುತ್ತಾರೆ. ಗುಂಪಿನಲ್ಲಿ ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರಿದ್ದರೆ ಅವರಿಗೆ ಮೊದಲೇ ತಿಳಿಸಿ, ಆ ದಿನ ಬರುವುದೋ ಬೇಡವೋ ಎಂಬುದನ್ನು ಅವರಿಗೇ ಬಿಡಿ, ಬಂದರೆ ಪ್ರಶ್ನೆ ಕೇಳಬೇಡಿ. ಓದಿ ಮುಗಿದ ಮೇಲೆ ಎಲ್ಲರಿಗೂ ಕಾಫಿ ಕೊಟ್ಟು, ಅವರಾಗಿ ಮಾತು ತೆಗೆಯುವವರೆಗೂ ಸುಮ್ಮನೆ ಜೊತೆಯಲ್ಲಿ ಕುಳಿತಿರಿ.