ನುಗ್ಗುವ ಮರಿ, ಅಡಗುವ ಮರಿ: ಬಕೆಟಿನಲ್ಲಿ ಗುರುತಿಸುವುದು ಹೇಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟಗಳಲ್ಲಿ ಮುರಕಲ್ಲು (ಜಂಬಿಟ್ಟಿಗೆ) ಕಡಿದು ಬಿಟ್ಟ ಹೊಂಡಕ್ಕೋ ಟಾರ್ಪಾಲು ಹಾಸಿದ ಕೊಳಕ್ಕೋ ತಿಲಾಪಿಯಾ ಮೀನಿನ ಮರಿ ಬಿಟ್ಟವರಿಗೆ ಗೊತ್ತು: ತಿಂಡಿ ಎಸೆದೊಡನೆ ಕೆಲವು ನುಗ್ಗುತ್ತವೆ, ಕೆಲವು ತಳ ಬಿಟ್ಟು ಏಳುವುದಿಲ್ಲ. ಹಿಂದೆ ಉಳಿದದ್ದೆಲ್ಲ ರೋಗದ ಮೀನಲ್ಲ. ಒಂದೇ ತಾಯಿಯ ಮರಿಗಳಲ್ಲೂ ಗಾಬರಿಯಾದಾಗ ಕಾರ್ಟಿಸಾಲ್ ಹಾರ್ಮೋನು ಏರುವ ಮಟ್ಟ ಬೇರೆಬೇರೆ. ರಕ್ತ ತೆಗೆಯದೆಯೂ ಇದರ ಅಂದಾಜು ಸಿಗುತ್ತದೆ.

ಮರಿ ತಂದ ವಾರವೇ ಪರೀಕ್ಷೆಗೆ ಇಳಿಯಬೇಡಿ. ಕಾರ್ಟಿಸಾಲ್ ಹೆಚ್ಚು ಏರುವ ಮತ್ತು ಕಡಿಮೆ ಏರುವ ಎರಡು ಟ್ರೌಟ್ ಮೀನಿನ ತಳಿಗಳನ್ನು ಇಂಗ್ಲೆಂಡಿನಿಂದ ನಾರ್ವೆಗೆ ಸಾಗಿಸಿದ ಮೇಲೆ, ಹೆಚ್ಚು ಏರುವ ಅಂಜುಬುರುಕ ತಳಿಯೇ ಮೇಲುಗೈ ಸಾಧಿಸಿತ್ತು. ಪ್ರಯಾಣದ ಸುಸ್ತು ಸ್ವಭಾವವನ್ನೇ ತಿರುಗಿಸಬಲ್ಲದು. ಎರಡು ವಾರ ಕಾಯಿರಿ.

15ರಿಂದ 20 ಗ್ರಾಂ ತೂಗುವ ಹತ್ತು ಮರಿ ಆರಿಸಿ. ಗಾತ್ರ ಒಂದೇ ಇರಲಿ. ಇಲ್ಲದಿದ್ದರೆ ನೀವು ಅಳೆಯುವುದು ಸ್ವಭಾವವನ್ನಲ್ಲ, ಗಾತ್ರವನ್ನು. ಒಂದೊಂದನ್ನೂ 20 ಲೀಟರಿನ ನಂಬರು ಹಾಕಿದ ಬಕೆಟಿನಲ್ಲಿ ಬಿಡಿ. ನೀರು ಆ ಕೊಳದ್ದೇ ಆಗಬೇಕು. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಗಟ್ಟಿ ಮೀನೂ ಮಂಕಾಗಿ ಕಾಣುತ್ತದೆ. ಪ್ರತಿ ಬಕೆಟಿಗೂ ನೀರಿಗೆ ಗಾಳಿಗುಳ್ಳೆ ಬಿಡುವ ಗಾಳಿಕಲ್ಲು ಬೇಕು, ಪಕ್ಕದ ಮೀನು ಕಾಣದಂತೆ ಸುತ್ತ ಕಪ್ಪು ಬಟ್ಟೆ ಬೇಕು, ಮೇಲೆ ಬಲೆ ಮುಚ್ಚಬೇಕು. ತಿಲಾಪಿಯಾ ಹಾರುತ್ತದೆ!

ಮೊದಲ ದಿನ ತಿಂಡಿ ಬೇಡ. ಮರುದಿನದಿಂದ ಐದು ದಿನ, ಬೆಳಿಗ್ಗೆ ಒಂದೇ ಹೊತ್ತಿಗೆ ಮೂರು ತೇಲುವ ಕಾಳು ಹಾಕಿ ದೂರ ಸರಿಯಿರಿ. ಬಗ್ಗಿ ನೋಡಿದರೆ ನೆರಳಿಗೇ ಮೀನು ಬೆಚ್ಚುತ್ತದೆ, ಲೆಕ್ಕ ಕೆಡುತ್ತದೆ. ಹತ್ತು ನಿಮಿಷದ ಮೇಲೆ ಉಳಿದ ಕಾಳು ತೆಗೆದು, ಎಷ್ಟು ತಿಂದಿತೆಂದು ಬರೆದಿಡಿ. ಅಮೋನಿಯಾ ಕೂಡದಂತೆ ದಿನಾ ಕಾಲುಭಾಗ ನೀರು ಬದಲಿಸಿ. ಬೇಗ ತಿನ್ನಲು ತೊಡಗಿದ್ದು ನುಗ್ಗುವ ಮರಿ; ಐದನೇ ದಿನವೂ ಮುಟ್ಟದ್ದು ಅಡಗುವ ಮರಿ. ಕಣ್ಣು ಕಪ್ಪಾಗಿ, ಕಿವಿರು ಬೇಗಬೇಗ ಬಡಿಯುತ್ತಿದ್ದರೆ ಅದು ಇನ್ನೂ ಒತ್ತಡದಲ್ಲಿದೆ.

ಬಲೆಯ ಪರೀಕ್ಷೆ ಕೊನೆಗೇ ಬರಬೇಕು. ಗಂಟಿಲ್ಲದ ಒದ್ದೆ ಬಲೆಯಲ್ಲಿ 30 ಸೆಕೆಂಡು ಎತ್ತಿ ಹಿಡಿದು ಎಷ್ಟು ಸಲ ಒದ್ದಾಡಿತೆಂದು ಎಣಿಸಿ. ನುಗ್ಗುವವು ಸಾಮಾನ್ಯವಾಗಿ ಹೆಚ್ಚು ಒದ್ದಾಡುತ್ತವೆ. ಇದನ್ನೇ ಮೊದಲು ಮಾಡಿದರೆ ಏರಿದ ಕಾರ್ಟಿಸಾಲ್ ಇಳಿಯಲು ಒಂದು ದಿನವೂ ಹಿಡಿದೀತು, ತಿಂಡಿಯ ಪರೀಕ್ಷೆ ಹಾಳಾಗುತ್ತದೆ.

ಒಂದು ವಾರ ಬಿಟ್ಟು ಎಲ್ಲವನ್ನೂ ಮತ್ತೊಮ್ಮೆ ಮಾಡಿ. ಎರಡೂ ಸಲ ಒಂದೇ ರೀತಿ ವರ್ತಿಸಿದ ಮೀನನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಕೊಳದಲ್ಲಿ ಏಟು ತಿಂದು ಮೂಲೆ ಸೇರಿದ ಮರಿ ಮೊದಲ ಸಲ ಅಂಜುಬುರುಕನಂತೆ ಕಂಡು, ಎರಡನೇ ಸಲ ಚೆನ್ನಾಗಿ ತಿನ್ನುವುದುಂಟು. ಜೂನ್-ಜುಲೈಯ ಜಡಿಮಳೆಯಲ್ಲಂತೂ ಈ ಕೆಲಸವೇ ಬೇಡ: ಮುರಕಲ್ಲು ಹೊಂಡದ ನೀರಿನ ಪಿಎಚ್ ಕುಸಿದು (ನೀರು ಹುಳಿಯಾಗಿ) ಎಲ್ಲ ಮೀನೂ ಒಂದೇ ಥರ ಮಂಕಾಗುತ್ತವೆ.

ಅಡಗುವವು ಹೆಚ್ಚು ಸಿಕ್ಕಿದರೆ ತಿಂಡಿಯನ್ನು ಒಂದೇ ಮೂಲೆಗೆ ಸುರಿಯದೆ ನಾಲ್ಕು ಕಡೆ ಚೆಲ್ಲಿ, ಅರ್ಧಭಾಗವನ್ನು ಕಾಲು ಗಂಟೆ ತಡವಾಗಿ ಹಾಕಿ. ನುಗ್ಗುವವನ್ನೆಲ್ಲ ಹಿಡಿದು ಬೇರೆ ಮಾಡಿದರೆ ತೀರಿತು ಎನ್ನುವಂತಿಲ್ಲ. ಉಳಿದವುಗಳಲ್ಲೇ ಕೆಲವು ಆ ಜಾಗಕ್ಕೆ ಏರುತ್ತವೆ.