ವಿಂಡೋಸ್ ಅಳಿಯದಂತೆ ಲಿನಕ್ಸ್ ಹಾಕಿಕೊಳ್ಳುವುದು ಹೇಗೆ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಸೌಲಭ್ಯವಿಲ್ಲದ ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗದು. ಹಾಗೆಂದು ಟ್ಯಾಲಿ, ನುಡಿಯಂಥ ತಂತ್ರಾಂಶಗಳನ್ನು ನಂಬಿಕೊಂಡವರು ವಿಂಡೋಸನ್ನು ಒಮ್ಮೆಲೇ ಬಿಡುವಂತೆಯೂ ಇಲ್ಲ. ಅಂಥವರು ಅದರ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಬಹುದು. ಇನ್‌ಸ್ಟಾಲ್ ಮಾಡುವುದು ಸುಲಭ. ಕೈಕೊಡುವುದು ಅದಕ್ಕೂ ಮೊದಲಿನ ತಯಾರಿ.

ಮೊದಲಿಗೆ ಫೋಟೊ, ದಾಖಲೆಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ. ಡಿ ಡ್ರೈವ್‌ಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ತುಂಡುಗಳು.

ಮುಂದಿನದು ಬಿಟ್‌ಲಾಕರ್, ಅಂದರೆ ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ. ನೀವು ಕೇಳದಿದ್ದರೂ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದರ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿಯೇ ಚಾಲೂ ಇರುತ್ತದೆ. ಯಂತ್ರ ಶುರುವಾಗುವ (ಬೂಟ್) ವ್ಯವಸ್ಥೆಯಲ್ಲಿ ಬದಲಾವಣೆ ಕಂಡರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಕಡತಗಳ ಆಸೆ ಬಿಡಬೇಕು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನಂತರ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಸ್ಕ್‌ನ ಗೂಢಲಿಪಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗಲಿ. ಅದು ಚಾಲೂ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಏನಾದರೂ ಬರೆದರೆ ಕಡತಗಳು ಕೆಡಬಹುದು.

ಈಗ ಜಾಗ ಬಿಡಿಸುವ ಕೆಲಸ. ಇದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡುವುದು ಕ್ಷೇಮ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಮಿಂಟ್‌ಗೆ ಕನಿಷ್ಠ 20 ಜಿಬಿ ಸಾಕು, ಆದರೆ 100 ಜಿಬಿ ಕೊಟ್ಟರೆ ನೆಮ್ಮದಿ. ಬಿಡಿಸಿದ ಜಾಗ ‘ಅನ್‌ಅಲೊಕೇಟೆಡ್’ ಎಂದು ಕಾಣುತ್ತದೆ. ಅದನ್ನು ಫಾರ್ಮ್ಯಾಟ್ ಮಾಡದೆ ಹಾಗೆಯೇ ಬಿಡಿ.

ಮಿಂಟ್‌ನ ಐಎಸ್‌ಒ ಕಡತವನ್ನು (ಇನ್‌ಸ್ಟಾಲ್ ಮಾಡಲು ಬೇಕಾದುದೆಲ್ಲ ಇರುವ ಒಂದೇ ಕಡತ) ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ರೂಫಸ್ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಯಂತ್ರವನ್ನು ರೀಸ್ಟಾರ್ಟ್ ಮಾಡಿ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್‌ನಿಂದಲೇ ಮಿಂಟ್ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಟಚ್‌ಪ್ಯಾಡ್ ಸರಿಯಿವೆಯೇ ಎಂದು ಇಲ್ಲಿಯೇ ಪರೀಕ್ಷಿಸಿ. ವೈಫೈ ಹಿಡಿಯದಿದ್ದರೆ ಇಲ್ಲಿಗೇ ನಿಲ್ಲಿಸಿ ಪರಿಹಾರ ಹುಡುಕುವುದು ಜಾಣತನ.

ಇನ್‌ಸ್ಟಾಲ್ ಶುರುವಾದ ಮೇಲೆ ಬರುವ ಒಂದು ಪರದೆಯ ಮುಂದೆ ಅವಸರ ಬೇಡ. ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಇಡೀ ಡಿಸ್ಕನ್ನೇ ಗುಡಿಸಿಹಾಕುತ್ತದೆ, ವಿಂಡೋಸ್ ಸಮೇತ. ನಿಮಗೆ ಬೇಕಾದದ್ದು ‘ಇನ್‌ಸ್ಟಾಲ್ ಅಲಾಂಗ್‌ಸೈಡ್’. ಆ ಆಯ್ಕೆಯೇ ಕಾಣದಿದ್ದರೆ ಯಂತ್ರ ಬಿಟ್‌ಲಾಕರ್‌ನಲ್ಲೋ ಬೂಟ್ ವಿಧಾನದಲ್ಲೋ ತಕರಾರು ಮಾಡುತ್ತಿರಬಹುದು, ಹಿಂದಕ್ಕೆ ಹೋಗಿ. ಡಿಸ್ಕ್ ಮೇಲೆ ಬರೆಯುವ ಮುನ್ನ ಒಂದು ಚಿಕ್ಕ ಪೆಟ್ಟಿಗೆ ಮೂಡಿ, ಡಿಸ್ಕ್‌ನ ಯಾವ ತುಂಡು (ಪಾರ್ಟಿಷನ್) ಫಾರ್ಮ್ಯಾಟ್ ಆಗಲಿದೆ ಎಂದು ತಿಳಿಸುತ್ತದೆ. ಅಲ್ಲಿ ಲಿನಕ್ಸ್ ಬಳಸುವ ಇಎಕ್ಸ್‌ಟಿ4 ಮಾದರಿಯ ಹೊಸ ಪಾರ್ಟಿಷನ್ ಮಾತ್ರ ಇರಬೇಕು. ಈ ಪಟ್ಟಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು, ಎರಡು ಸಲ ಓದಿ, ಆಮೇಲೆ ಒಪ್ಪಿಗೆ ಕೊಡಿ.

ಮುಗಿದ ಮೇಲೆ ಯಂತ್ರ ಶುರುವಾದಾಗ, ಯಾವುದನ್ನು ತೆರೆಯಬೇಕೆಂದು ಕೇಳುವ ಗ್ರಬ್ ಮೆನು ವಿಂಡೋಸ್, ಮಿಂಟ್ ಎರಡೂ ಹೆಸರುಗಳನ್ನು ತೋರಿಸುತ್ತದೆ. ಅದು ಕಾಣದೆ ನೇರ ವಿಂಡೋಸ್ ತೆರೆದುಕೊಂಡರೆ ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್ಸ್ ಪರದೆ) ಬೂಟ್ ಕ್ರಮ ಬದಲಿಸಿದರಾಯಿತು.

ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೂ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಸಮಯವೆಂದು ಓದುತ್ತದೆ. ಸಂಜೆ ಆರಕ್ಕೆ ಮಧ್ಯಾಹ್ನ ಹನ್ನೆರಡೂವರೆ ತೋರಿಸುವುದು ಇದಕ್ಕೇ. ಲಿನಕ್ಸ್‌ನಲ್ಲಿ ಸ್ಥಳೀಯ ಸಮಯವನ್ನೇ ಬಳಸುವಂತೆ ಹೊಂದಿಸಿದರೆ ಸರಿಹೋಗುತ್ತದೆ.

ಮುಂದೆಂದಾದರೂ ಲಿನಕ್ಸ್ ಬೇಡವೆನಿಸಿದರೆ ಅದರ ಪಾರ್ಟಿಷನ್ ಅನ್ನು ಸುಮ್ಮನೆ ಅಳಿಸಬೇಡಿ. ಗ್ರಬ್ ತನ್ನ ಕಡತಗಳನ್ನು ಹುಡುಕಿ ಸಿಗದೆ ಕಪ್ಪು ಪರದೆಯಲ್ಲಿ ನಿಂತುಬಿಡಬಹುದು. ಬಯೋಸ್‌ನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೊದಲ ಸ್ಥಾನಕ್ಕೆ ತಂದು, ವಿಂಡೋಸ್ ತೆರೆಯುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಪಾರ್ಟಿಷನ್‌ಗೆ ಕೈಹಾಕಿ.