ಹುಣ್ಣಿಮೆಗೆ ಮೂರು ದಿನ ಮುಂಚೆ: ಮಲ್ಪೆಯ ದ್ವೀಪ, ಸ್ವರ್ಣೆಯ ಕುದ್ರು

ನಮ್ಮೂರು ಹಿರಿಯೂರು. ನಮಗೆ ದೊಡ್ಡ ನೀರು ಅಂದರೆ ವಾಣಿವಿಲಾಸ ಸಾಗರ. ಅಲ್ಲಿ ನೀರು ಮಳೆಗೆ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ನೀರಿನ ಲೆಕ್ಕ ನಮಗೆ ಗೊತ್ತಿಲ್ಲ. ಆ ಲೆಕ್ಕ ತಿಳಿಯದೆ ಒಂದು ಸಲ ಉಡುಪಿ ಕಡೆ ಹೋಗಿ ಬಂದೆವು. ತಿಳಿದುಕೊಂಡು ಇನ್ನೊಂದು ಸಲ ಹೋದೆವು. ಎರಡೂ ಒಂದೇ ಜಾಗ, ಒಂದೇ ದೋಣಿ. ಆದರೆ ಕಂಡದ್ದು ಬೇರೆ ಬೇರೆ.

ಮೊದಲ ಸಲ ಹೋದದ್ದು ಡಿಸೆಂಬರ್ ಕೊನೆಯ ವಾರದಲ್ಲಿ. ಅಮ್ಮ, ನಾನು, ನಮ್ಮವರು, ಹನ್ನೊಂದು ವರ್ಷದ ಮಗ. ಅಕ್ಕನನ್ನು ಕೊಟ್ಟಿರುವುದು ಕೆಮ್ಮಣ್ಣಿನ ಹತ್ತಿರ, ಉಳಿಯಲು ಅವರ ಮನೆಯೇ ಇತ್ತು. ಬೆಳಿಗ್ಗೆ ಆರಾಮಾಗಿ ತಿಂಡಿ ತಿಂದು, ಮಲ್ಪೆಯಲ್ಲಿ ಸರತಿ ನಿಂತು, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತಿದಾಗ ಹನ್ನೊಂದು ಗಂಟೆ. ಅವತ್ತು ಹುಣ್ಣಿಮೆ. ದ್ವೀಪದ ಎತ್ತರದ ಕಲ್ಲುಕಂಬಗಳು ಕಂಡವು, ತೆಂಗಿನ ಮರಗಳು ಕಂಡವು. ಆದರೆ ಕೆಳಗೆ ನೀರಂಚಿನಲ್ಲಿ ಹಾಸಿದಂತಿರುವ ಕಲ್ಲುಗಳೆಲ್ಲ ಮುಳುಗಿದ್ದವು. ಅಲ್ಲೊಂದು ಹಾಸು ಇದೆ ಅನ್ನುವುದೇ ನಮಗೆ ಗೊತ್ತಾಗಲಿಲ್ಲ. ಮುಕ್ಕಾಲು ಗಂಟೆ ಓಡಾಡಿ ಬಂದೆವು.

ಮಾರನೇ ದಿನ ಸ್ವರ್ಣಾ ನದಿಯಲ್ಲಿ ಕಯಾಕ್. ನೀರು ಕಡಲ ಕಡೆ ಹರಿಯುತ್ತಿತ್ತು. ಹುಟ್ಟು ಹಾಕುವುದೇ ಬೇಡ, ಅದರ ಪಾಡಿಗೆ ಅದೇ ಕೋಡಿಬೆಂಗ್ರೆ ಕಡೆ ಒಯ್ಯುತ್ತಿತ್ತು. ಎಷ್ಟು ಚೆನ್ನಾಗಿದೆ ಅಂತ ಹೋಗೇ ಹೋದೆವು. ವಾಪಸ್ ತಿರುಗಿಸಿದಾಗ ಗೊತ್ತಾಯಿತು. ಇಳಿಯುವ ನೀರು ಎದುರಿಗೆ. ಹುಟ್ಟು ಹಾಕಿದಷ್ಟೂ ದಡದ ಅದೇ ತೆಂಗಿನ ಮರ ಪಕ್ಕದಲ್ಲೇ ಇತ್ತು. ಮಗ ಅಳುವಂತಾದ. ಕೊನೆಗೆ ಕಯಾಕಿನವರೇ ದೋಣಿ ತಂದು ಕಟ್ಟಿಕೊಂಡು ಎಳೆದರು.

ಅವತ್ತು ಸಂಜೆ ಭಾವ ಅಂಗಳದಲ್ಲಿ ಕೂತು ಒಂದೇ ಮಾತು ಕೇಳಿದರು. "ಹೋಗುವ ಮೊದಲು ಕ್ಯಾಲೆಂಡರ್ ನೋಡಿದ್ಯಾ ಮಾರಾಯ್ತಿ?"

ನಾನು ರಜೆ ನೋಡಿದ್ದೆ. ಅವರು ಕೇಳಿದ್ದು ತಿಥಿ.

ಆಮೇಲೆ ಅವರು ಹೇಳಿಕೊಟ್ಟದ್ದು ಇಷ್ಟು. ಉಬ್ಬರಕ್ಕೆ ಅಲ್ಲಿ ಭರತ ಅಂತಾರೆ. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ಮತ್ತೆ ಭರತಕ್ಕೆ ಆರು ಗಂಟೆ. ದಿನದಿಂದ ದಿನಕ್ಕೆ ಹೆಚ್ಚುಕಮ್ಮಿ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಚಂದ್ರ ದಿನಾ ಅಷ್ಟೇ ತಡವಾಗಿ ಹುಟ್ಟುತ್ತಾನಲ್ವಾ, ಅದಕ್ಕೇ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಇಬ್ಬರ ಸೆಳೆತವೂ ಒಂದೇ ಸಾಲಿಗೆ ಬರುವುದರಿಂದ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಈ ಕರಾವಳಿಯಲ್ಲಿ ಆಗ ಒಂದೂವರೆ ಮೀಟರ್ ಹತ್ತಿರ ವ್ಯತ್ಯಾಸ. ಅಷ್ಟಮಿ ಸುತ್ತಮುತ್ತ ಏರಿಳಿತ ಕಮ್ಮಿ. ಮಲ್ಪೆ ಕಡೆ ಹುಣ್ಣಿಮೆಯ ಭರತ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಬರುತ್ತದೆ. ಇದೊಂದು ನೆನಪಿದ್ದರೆ ಮಿಕ್ಕ ದಿನಗಳನ್ನು ಬೆರಳಲ್ಲೇ ಎಣಿಸಬಹುದು. ಈಗ ಫೋನಿನಲ್ಲೂ ಉಬ್ಬರ ಇಳಿತದ ಸಮಯ ಸಿಗುತ್ತದೆ, ಹೊರಡುವ ಹಿಂದಿನ ದಿನ ನಾನು ಅದನ್ನೂ ನೋಡುತ್ತೇನೆ. ಆದರೆ ಎರಡು ತಿಂಗಳು ಮುಂಚೆ ರಜೆ ಹಾಕಲು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರೇ ಸಾಕು.

ಮುಂದಿನ ವರ್ಷ ಜನವರಿಯಲ್ಲಿ ದ್ವಾದಶಿ, ತ್ರಯೋದಶಿ ಆರಿಸಿಕೊಂಡೆವು. ಗುರುವಾರ, ಶುಕ್ರವಾರ. ವಾರದ ಮಧ್ಯವಾದ್ದರಿಂದ ಜನವೂ ಕಮ್ಮಿ. ಯಾಕೆ ಆ ತಿಥಿ ಅಂದರೆ, ದ್ವಾದಶಿಗೆ ಬೆಳಿಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ ಭರತ ತುಂಬುತ್ತದೆ. ಹಾಗಾದರೆ ಏಳಕ್ಕೆ ನದಿಗೆ ಇಳಿದರೆ ಏರುವ ನೀರೇ ನಮ್ಮನ್ನು ಮೇಲಕ್ಕೆ ಒಯ್ಯಬೇಕು. ತಿರುಗಿ ಬರುವಾಗ ಇಳಿಯುವ ನೀರೇ ಕೆಳಕ್ಕೆ ತರಬೇಕು.

ಹಾಗೇ ಆಯಿತು. ಏಳು ಗಂಟೆಗೆ ನದಿಯ ಮೇಲೆ ಇನ್ನೂ ಮಂಜಿತ್ತು. ಗಾಳಿ ಇಲ್ಲ. ಕೆಮ್ಮಣ್ಣಿನ ತೂಗುಸೇತುವೆ ಮೇಲೆ ತಿಮ್ಮಣಕುದ್ರುವಿನಿಂದ ಸೈಕಲ್ ತಳ್ಳಿಕೊಂಡು ಯಾರೋ ಬರುತ್ತಿದ್ದರು. ನದಿ ನಡುವಿನ ನಡುಗಡ್ಡೆಗೆ ಅಲ್ಲಿ ಕುದ್ರು ಅಂತಾರೆ. ಮನೆ, ತೆಂಗಿನ ತೋಟ ಎಲ್ಲ ಇರುವ ಕುದ್ರುಗಳಿವೆ. ಬರೀ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳೇ ತುಂಬಿರುವ ಸಣ್ಣ ಕುದ್ರುಗಳೂ ಇವೆ. ನಮಗೆ ಬೇಕಿದ್ದದ್ದು ಎರಡನೆಯವು. ಭರತ ತುಂಬಿದಾಗ ಮಾತ್ರ ಕಾಂಡ್ಲಾ ನಡುವಿನ ಕಿರಿದಾದ ಓಣಿಗಳಲ್ಲಿ ಕಯಾಕ್ ಹೋಗುವಷ್ಟು ನೀರಿರುತ್ತದೆ. ಇಳಿತದಲ್ಲಿ ಅದೆಲ್ಲ ಕೆಸರು.

ಒಳಗೆ ಹೋದರೆ ಬೆಳಕೇ ಬೇರೆ. ಕಮಾನಿನ ಹಾಗೆ ಬಾಗಿ ನೀರಿಗಿಳಿದ ಬೇರುಗಳು. ಇನ್ನೊಂದು ಜಾತಿಯ ಬೇರು ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲಕ್ಕೆ ಎದ್ದಿರುತ್ತದೆ. ಕೆಸರಿನೊಳಗೆ ಗಾಳಿ ಇಲ್ಲ, ಅದಕ್ಕೆ ಬೇರು ಹೊರಗೆ ಬಂದು ಉಸಿರಾಡುತ್ತದೆ. ನುಗ್ಗೆಕಾಯಿ ತರಹ ಜೋತಾಡುವುದು ಕಾಯಿ ಅಂದುಕೊಂಡಿದ್ದೆ. ಅದು ಮರದ ಮೇಲೇ ಮೊಳಕೆ ಬಂದ ಸಸಿ, ಕೆಳಗೆ ಬಿದ್ದರೆ ಕೆಸರಿಗೆ ನೆಟ್ಟುಕೊಳ್ಳುತ್ತದೆ. ಮಗ ಒಂದೂ ಮಾತಾಡಲಿಲ್ಲ. ಮಿಂಚುಳ್ಳಿ ಒಂದು ನಮ್ಮ ಮುಂದೆ ಮುಂದೆ ಹಾರಿ ಕೊಂಬೆಯಿಂದ ಕೊಂಬೆಗೆ ಕೂರುತ್ತಿತ್ತು.

ಒಂಬತ್ತು ದಾಟಿದ ಮೇಲೆ ನೀರು ಒಂದಷ್ಟು ಹೊತ್ತು ನಿಂತ ಹಾಗಾಯಿತು. ತೇಲುತ್ತಿದ್ದ ಎಲೆ ಅತ್ತಲೂ ಹೋಗದು, ಇತ್ತಲೂ ಹೋಗದು. ಆಮೇಲೆ ಮೆಲ್ಲಗೆ ಕಡಲ ಕಡೆ ತಿರುಗಿತು. ಆ ಎಲೆ ತಿರುಗಿದ ಗಳಿಗೆ ಆ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಾವೂ ತಿರುಗಿದೆವು. ಬರುವಾಗ ಕೈ ನೋಯಲಿಲ್ಲ.

ಲೈಫ್ ಜಾಕೆಟ್ ವಿಷಯದಲ್ಲಿ ಸಂಕೋಚ ಬೇಡ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಕೇಳಿ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿವರೆಗೆ ಬಂದರೆ ಅದು ಸಡಿಲ, ಬದಲಾಯಿಸಿ.

ಮಧ್ಯಾಹ್ನ ನೀರು ಇಳಿದ ಮೇಲೆ ಅದೇ ನದಿಯಲ್ಲಿ ಸೊಂಟದವರೆಗೆ ಇಳಿದು ಜನ ಮರುವಾಯಿ ಅನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದರು. ಬೆಳಿಗ್ಗೆ ನಾವು ಕಯಾಕ್ ನಡೆಸಿದ್ದ ಜಾಗ ಅದು! ರಾತ್ರಿ ಅಕ್ಕ ಅದನ್ನೇ ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದಳು.

ಶುಕ್ರವಾರ ದ್ವೀಪ. ಇಲ್ಲಿ ಒಂದು ತೊಡಕಿದೆ, ನೇರವಾಗಿ ಹೇಳಿಬಿಡುತ್ತೇನೆ. ತ್ರಯೋದಶಿಗೆ ಇಳಿತ ಮಧ್ಯಾಹ್ನ ಮೂರೂವರೆಯ ಸುಮಾರಿಗೆ. ಕಲ್ಲು ನೋಡಲು ಅದೇ ಸರಿಯಾದ ಹೊತ್ತು. ಆದರೆ ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲದ ಕಡೆ ಗಾಳಿ ಎದ್ದು ದೋಣಿ ಜಾಸ್ತಿ ಕುಲುಕುತ್ತದೆ. ಬೆಳಿಗ್ಗೆಯಾದರೆ ಕಡಲು ಶಾಂತ. ಅಂದರೆ ಕಲ್ಲು ಬೇಕೋ, ಹೊಟ್ಟೆಗೆ ಆರಾಮ ಬೇಕೋ ಅಂತ ಆರಿಸಬೇಕು. ಅಮ್ಮನಿಗೆ 68, ಮಂಡಿ ನೋವು ಬೇರೆ. ಹಿಂದಿನ ಸಲ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟುವಾಗ, ಅಲ್ಲಿಂದ ನೀರಿಗಿಳಿದು ದಡ ಹತ್ತುವಾಗ ತುಂಬಾ ಕಷ್ಟಪಟ್ಟಿದ್ದರು. ಈ ಸಲ "ನೀವು ಹೋಗಿ ಬನ್ನಿ" ಅಂದರು. ಅಕ್ಕನ ಜೊತೆ ವಡಭಾಂಡೇಶ್ವರದ ಬಲರಾಮನ ಗುಡಿಗೆ ಹೋಗಿ, ಆಮೇಲೆ ಪಡುಕೆರೆ ಮರಳಿನ ಮೇಲೆ ಕೂತು ಕೈರಂಪಣಿ ಎಳೆಯುವುದನ್ನು ನೋಡಿದರಂತೆ. ದಡದಲ್ಲಿ ಎರಡು ಸಾಲು ನಿಂತು ಬಲೆ ಎಳೆಯುವ ಆ ಮೀನುಗಾರಿಕೆಯನ್ನು ಅಮ್ಮ ಈಗಲೂ ನೆನೆಸುತ್ತಾರೆ. ವಯಸ್ಸಾದವರನ್ನು ದ್ವೀಪಕ್ಕೆ ಕರೆದೊಯ್ಯಲೇಬೇಕು ಅಂತೇನಿಲ್ಲ.

ನಾವು ಮೂವರು ಒಂದೂವರೆಗೆ ದೋಣಿ ಹತ್ತಿದೆವು. ಊಟ ಕಮ್ಮಿ ಮಾಡಿದ್ದೆವು, ಬಾಯಲ್ಲಿ ಶುಂಠಿ. ಇಪ್ಪತ್ತು ಇಪ್ಪತ್ತೈದು ನಿಮಿಷದ ದಾರಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡಿದ್ದೆವು. ಇಳಿತದಲ್ಲಿ ಹೊರಬರುವ ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕುಯ್ಯುತ್ತದೆ.

ಹಿಂದಿನ ಸಲ ಮುಳುಗಿದ್ದ ಹಾಸು ಈ ಸಲ ಹೊರಗೆ ಬಂದಿತ್ತು. ಯಾರೋ ಅಳೆದು ಕುಯ್ದು ಜೋಡಿಸಿದ ಹಾಗೆ, ಒಂದರ ಪಕ್ಕ ಒಂದು ಮೂಲೆಮೂಲೆಯ ಕಲ್ಲು. ಮಗ ಎಣಿಸಲು ಕೂತ. ಆರು ಮೂಲೆಯವು ಹೆಚ್ಚು, ಐದರವು ಕೆಲವು, ಏಳರದ್ದು ಎರಡು ಸಿಕ್ಕಿತು. ನಮ್ಮ ಕಡೆ ಕೆರೆ ಒಣಗಿದಾಗ ಅಂಗಳ ಬಿರುಕು ಬಿಡುವುದನ್ನು ಅವನು ನೋಡಿದ್ದಾನೆ. ಇದೂ ಹಾಗೇ ಅಂದೆ. ಕೆರೆಯ ಕೆಸರು ನೀರು ಆರಿ ಕುಗ್ಗುತ್ತದೆ, ಇದು ಬಿಸಿ ಆರಿ ಕುಗ್ಗಿದ ಲಾವಾ. ಮೇಲಿನಿಂದ ಶುರುವಾದ ಬಿರುಕು ತಣಿದಂತೆಲ್ಲ ಕೆಳಕ್ಕೆ ಇಳಿದು ಕಂಬಗಳಾದವು. ನಾವು ಮೆಟ್ಟುತ್ತಿದ್ದದ್ದು ಆ ಕಂಬಗಳ ತಲೆ. ಇದು ಆದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಹೆಸರಿಟ್ಟ ಅಂತ ಕಥೆ ಹೇಳುತ್ತಾರೆ. ಮಗನಿಗೆ ಅದು ಬೇಕಾಗಲಿಲ್ಲ, ಮಡಗಾಸ್ಕರ್ ಯಾವ ಕಡೆ ಹೋಯಿತು ಅಂತ ಪಡುವಣಕ್ಕೆ ತಿರುಗಿ ನಿಂತ.

ಪಡುವಣದ ಅಂಚಿನ ಬಂಡೆಗಳಿಗೆ ಮಾತ್ರ ಹೋಗಬೇಡಿ. ಪಾಚಿ ಜಾರುತ್ತದೆ, ಅಲೆ ಎಲ್ಲಿಂದ ಬರುತ್ತದೆ ಗೊತ್ತಾಗುವುದಿಲ್ಲ. ಅಲ್ಲಿ ಫೋಟೋಗೆ ನಿಂತು, ನೀರಿಗಿಳಿದು ಜೀವ ಕಳೆದುಕೊಂಡವರಿದ್ದಾರೆ. ಕಾವಲಿನವರು ಸೀಟಿ ಊದಿದರೆ ಸಿಟ್ಟಾಗದೆ ಹಿಂದೆ ಬನ್ನಿ. ಚಿಪ್ಪುಗಳನ್ನೂ ಅಲ್ಲೇ ಬಿಡಿ. ಮಗ ಒಂದು ಹಿಡಿ ಆರಿಸಿದ್ದ, ನೋಡಿ ಆದ ಮೇಲೆ ಅವನೇ ವಾಪಸ್ ಸುರಿದ.

ಬರುವಾಗ ದೋಣಿ ಕುಲುಕಿತು. ನಮ್ಮವರು ಕಣ್ಣು ಮುಚ್ಚಿ ಕೂತಿದ್ದರು. ದೂರದ ದಡವನ್ನೇ ನೋಡುತ್ತಾ ಕೂತರೆ ವಾಂತಿ ಬರುವುದು ಕಮ್ಮಿ, ನಾನು ಹಾಗೇ ಮಾಡಿದೆ. ಹೊತ್ತಿದ್ದರೆ ಕಾಪುವಿನ ದೀಪಸ್ತಂಭಕ್ಕೂ ಹೋಗಬಹುದು, 1901ರಲ್ಲಿ ಕಟ್ಟಿದ್ದು. ನಾವು ಮನೆಗೆ ಹೋಗಿ ಮಲಗಿದೆವು.

ಶನಿವಾರ ಆಗುಂಬೆ ಹತ್ತಿ, ಶಿವಮೊಗ್ಗ, ಚಿತ್ರದುರ್ಗ ದಾಟಿ ಹಿರಿಯೂರಿನ ದಾರಿ ಹಿಡಿದಾಗ ನೆನಪಾಯಿತು. ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ ನಾಲ್ಕು ಜಾಗಗಳಿವೆ. ಒಂದು ಈಗಷ್ಟೇ ನೋಡಿದ ದ್ವೀಪ. ಇನ್ನೊಂದು ನಮ್ಮ ಪಕ್ಕದ ಮರಡಿಹಳ್ಳಿ. ಇಷ್ಟು ವರ್ಷ ಹೆದ್ದಾರಿಯಲ್ಲಿ ಓಡಾಡಿಯೂ ನಾವು ಒಳಗೆ ಹೋಗಿರಲಿಲ್ಲ. ಕಾರು ತಿರುಗಿಸಿದೆವು.

ಅಲ್ಲಿ ಕಂಬಗಳಿಲ್ಲ, ದಿಂಬು ಪೇರಿಸಿಟ್ಟ ಹಾಗೆ ಉಂಡೆ ಉಂಡೆ ಕಲ್ಲು. ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ಥಟ್ಟನೆ ತಣಿದು ಆದ ಆಕಾರ ಅದು. 200 ಕೋಟಿ ವರ್ಷಕ್ಕೂ ಹಳೆಯದು. ಹಾಗಾದರೆ ಇಲ್ಲಿ ನೀರಿತ್ತು. ಸುತ್ತ ಜಾಲಿ ಗಿಡ, ಬಿಸಿಲು. ಮಗ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಿದ್ದ.

"ಅಮ್ಮಾ, ಇಲ್ಲಿ ಭರತ ಎಷ್ಟು ಗಂಟೆಗೆ ಬರ್ತಿತ್ತು?"

ಮನೆಗೆ ಹೋಗಿ ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳು ಅಂದೆ.